ಆನ್ ಆಗಲು ಮೂರು ನಿಮಿಷ ತೆಗೆದುಕೊಳ್ಳುವ ಲಿನಕ್ಸ್: ತಡ ಎಲ್ಲಿದೆ ಎಂದು ಹುಡುಕುವುದು ಹೇಗೆ?

ದಾವಣಗೆರೆಯ ಹದಡಿ ರಸ್ತೆಯಲ್ಲಿ ನಾನು ಆಗಾಗ ಹೋಗುವ ಒಂದು ಜೆರಾಕ್ಸ್ ಅಂಗಡಿ ಇದೆ. ಬೆಳಿಗ್ಗೆ ಷಟರ್ ಎತ್ತುವ ಹೊತ್ತಿಗೆ ಮಾಯಕೊಂಡ, ಆನಗೋಡು ಕಡೆಯ ಬಸ್ಸುಗಳು ಊರು ಮುಟ್ಟಿರುತ್ತವೆ. ಪಹಣಿ ತೆಗೆಸುವ ರೈತರು, ಅರ್ಜಿ ಪ್ರಿಂಟ್ ಹಾಕಿಸುವ ಕಾಲೇಜು ಹುಡುಗರು ಬಾಗಿಲಲ್ಲೇ ನಿಂತಿರುತ್ತಾರೆ. ಅಂಗಡಿಯವರು ಕಂಪ್ಯೂಟರ್ ಗುಂಡಿ ಒತ್ತಿ, ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಯಂತ್ರಕ್ಕೆ ಹಾಳೆ ತುಂಬಿ ಬಂದರೂ ಪರದೆ ಇನ್ನೂ ಕಪ್ಪಗೇ ಇರುತ್ತಿತ್ತು. ‘ಹಳೆಯದಾಯಿತು, ಹೊಸದೇ ಕೊಳ್ಳಬೇಕೇನು ಸರ್?’ ಎಂದು ಒಂದು ದಿನ ಕೇಳಿದರು.

ಕೊಳ್ಳಬೇಕಾಗಿರಲಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಾಕೋಣವೆಂದರೆ ಅದು ಹಳೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಇಲ್ಲದ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ. ಹಾಗಾಗಿ ಇವರೂ ಹಳೆಯ ಕಂಪ್ಯೂಟರಿಗೆ ವಿಂಡೋಸ್ ಬದಲು ಉಬುಂಟು ಎಂಬ ಲಿನಕ್ಸ್ ಹಾಕಿಸಿಕೊಂಡಿದ್ದರು. ಮೊದಲು ಚೆನ್ನಾಗಿಯೇ ನಡೆಯುತ್ತಿದ್ದ ಯಂತ್ರ ಆಮೇಲೆ ನಿಧಾನವಾಯಿತು ಎಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಲಿನಕ್ಸ್‌ನ ದೊಡ್ಡ ಗುಣವೆಂದರೆ ಕೇಳಿದರೆ ಆ ಕಾರಣವನ್ನು ಅದೇ ಹೇಳುತ್ತದೆ. ಕೇಳುವ ಕ್ರಮ ಮಾತ್ರ ನಮಗೆ ಗೊತ್ತಿರಬೇಕು.

ಮುಂದೆ ಹೇಳುವ ಆಜ್ಞೆಗಳು ಉಬುಂಟು, ಮಿಂಟ್, ಡೆಬಿಯನ್‌ಗಳಿಗೆ ಹೊಂದುತ್ತವೆ. ಇಲ್ಲಿ ಕನ್ನಡದಲ್ಲಿ ಬರೆದಿರುವುದನ್ನು ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿಯಲ್ಲಿ, ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ಅಡ್ಡಗೆರೆ ಇದ್ದರೆ ಅದನ್ನೂ ಸೇರಿಸಬೇಕು. ಎಲ್ಲೂ ಜಾಗ ಬಿಟ್ಟಿರದಿದ್ದರೆ ನೀವೂ ಬಿಡಬಾರದು.

ಮೊದಲು ಅಳತೆ

ನಿಧಾನವಾಯಿತು ಎಂದ ಕೂಡಲೇ ಕಂಡಕಂಡ ಸರ್ವಿಸ್‌ಗಳನ್ನು (ಹಿನ್ನೆಲೆಯಲ್ಲಿ ನಡೆಯುವ ಕೆಲಸಗಳನ್ನು) ನಿಲ್ಲಿಸಲು ಹೊರಡುವವರನ್ನು ಬಹಳ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಕಂಪ್ಯೂಟರ್ ಪೂರ್ತಿ ಆನ್ ಆದ ಮೇಲೆ ಟರ್ಮಿನಲ್ ತೆರೆದು ‘ಸಿಸ್ಟಮ್‌ಡಿ-ಅನಲೈಜ್’ (systemd-analyze) ಎಂದು ಕೊಡಿ. ಇಂದಿನ ಹೆಚ್ಚಿನ ಲಿನಕ್ಸ್‌ಗಳಲ್ಲಿ ಕಂಪ್ಯೂಟರನ್ನು ಎಬ್ಬಿಸಿ ಒಂದೊಂದೇ ಕೆಲಸ ಶುರು ಮಾಡಿಸುವುದು ಸಿಸ್ಟಮ್‌ಡಿ. ಉಬುಂಟು, ಡೆಬಿಯನ್ ಎರಡೂ 2015ರಲ್ಲಿ ಅದಕ್ಕೆ ಬದಲಾದವು. ಪ್ರತಿ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂಬ ಲೆಕ್ಕ ಅದರ ಬಳಿ ಇರುತ್ತದೆ.

ಅಂಗಡಿಯ ಕಂಪ್ಯೂಟರ್ ಕೊಟ್ಟ ಲೆಕ್ಕ ಇದು: ಫರ್ಮ್‌ವೇರ್ 14.2 ಸೆಕೆಂಡು, ಲೋಡರ್ 5.1 ಸೆಕೆಂಡು, ಕರ್ನಲ್ 37.4 ಸೆಕೆಂಡು, ಯೂಸರ್‌ಸ್ಪೇಸ್ 1 ನಿಮಿಷ 58.6 ಸೆಕೆಂಡು. ಒಟ್ಟು 2 ನಿಮಿಷ 55.3 ಸೆಕೆಂಡು. ಅದನ್ನು ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಟ್ಟೆ. ನೀವೂ ಬರೆದಿಡಿ. ಪ್ರತಿ ರಿಪೇರಿಯ ನಂತರ ಮತ್ತೆ ಅಳೆದು ಹೋಲಿಸಲು ಬೇಕಾಗುತ್ತದೆ.

ಈ ನಾಲ್ಕು ಅಂಕಿಗಳನ್ನು ಬೇರೆ ಬೇರೆಯಾಗಿಯೇ ಓದಬೇಕು. ಫರ್ಮ್‌ವೇರ್ ಎಂದರೆ ಮದರ್‌ಬೋರ್ಡಿನದೇ ತಂತ್ರಾಂಶ. ಅಲ್ಲಿನ ತಡಕ್ಕೂ ಲಿನಕ್ಸಿಗೂ ಸಂಬಂಧವಿಲ್ಲ. ಲೋಡರ್ ಎಂದರೆ ಯಾವ ವ್ಯವಸ್ಥೆ ಬೇಕೆಂದು ಕೇಳುವ ಗ್ರಬ್ ಪಟ್ಟಿ. ಕರ್ನಲ್ ಯಂತ್ರದ ಭಾಗಗಳನ್ನು ಗುರುತಿಸುತ್ತದೆ. ಉಳಿದದ್ದೆಲ್ಲ ಯೂಸರ್‌ಸ್ಪೇಸ್ ಲೆಕ್ಕಕ್ಕೆ ಸೇರುತ್ತದೆ. ಬಯಾಸ್ ಎಂಬ ಹಳೆಯ ಬಗೆಯ ಫರ್ಮ್‌ವೇರ್ ಇರುವ ಯಂತ್ರಗಳಲ್ಲಿ ಕೊನೆಯ ಎರಡು ಅಂಕಿಗಳಷ್ಟೇ ಕಾಣುತ್ತವೆ. ಅಂಥ ಕಡೆ ಮೊದಲಿನ ಹೊತ್ತನ್ನು ಮೊಬೈಲಿನ ಸ್ಟಾಪ್‌ವಾಚ್ ಇಟ್ಟು ನೋಡಿಕೊಳ್ಳಬೇಕು.

ಹಾಜರಿ ಪುಸ್ತಕದಲ್ಲಿ ಇಲ್ಲದ ಹೆಸರು

ಮುಂದಿನ ಆಜ್ಞೆ ‘ಸಿಸ್ಟಮ್‌ಡಿ-ಅನಲೈಜ್ ಬ್ಲೇಮ್’. ಯಾವ ಸರ್ವಿಸ್ ಎಷ್ಟು ಹೊತ್ತು ತೆಗೆದುಕೊಂಡಿತು ಎಂಬ ಪಟ್ಟಿ ದೊಡ್ಡದರಿಂದ ಸಣ್ಣದಕ್ಕೆ ಬರುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಬೆಣ್ಣೆ ದೋಸೆ ಹೋಟೆಲಿನಲ್ಲಿ ಒಬ್ಬರು ಅರ್ಧ ಗಂಟೆಯಿಂದ ಮೇಜಿನ ಮುಂದೆ ಕುಳಿತಿದ್ದಾರೆ ಎಂದರೆ ಅವರು ನಿಧಾನವಾಗಿ ತಿನ್ನುತ್ತಿದ್ದಾರೆ ಎಂದೇ ಅರ್ಥವಲ್ಲ. ಒಳಗೆ ಕಾವಲಿ ಇನ್ನೂ ಕಾದಿಲ್ಲದಿರಬಹುದು. ಪಟ್ಟಿಯ ತುದಿಯಲ್ಲಿ ಆಗಾಗ ಕಾಣುವ ‘ಪ್ಲಿಮತ್-ಕ್ವಿಟ್-ವೇಟ್’ ಎಂಬ ಸರ್ವಿಸ್ ಇಂಥದ್ದೇ. ಲೋಗೊ ತೋರಿಸುವ ಪರದೆ ಮುಗಿಯಲೆಂದು ಅದು ಸುಮ್ಮನೆ ಕಾಯುತ್ತಿರುತ್ತದೆ, ಅಷ್ಟೇ. ಅದನ್ನು ನಿಲ್ಲಿಸಿದರೆ ಒಂದು ಸೆಕೆಂಡೂ ಉಳಿಯುವುದಿಲ್ಲ.

ಇನ್ನೊಂದು ತೊಡಕೂ ಇದೆ. ಬ್ಲೇಮ್ ಪಟ್ಟಿಯಲ್ಲಿ ಬರುವುದು ಶುರುವಾದವುಗಳ ಹೆಸರು ಮಾತ್ರ. ಬಾರದೇ ಹೋದವರ ಹೆಸರು ಅದರಲ್ಲಿ ಸಿಗುವುದಿಲ್ಲ. ಅಂಗಡಿಯ ಪಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಅಂಕಿ ಹನ್ನೊಂದು ಸೆಕೆಂಡಿನದು. ಹಾಗಾದರೆ ಎರಡು ನಿಮಿಷ ಎಲ್ಲಿ ಹೋಯಿತು?

ಇದಕ್ಕೆ ಉತ್ತರ ಸಿಕ್ಕಿದ್ದು ‘ಸಿಸ್ಟಮ್‌ಡಿ-ಅನಲೈಜ್ ಕ್ರಿಟಿಕಲ್-ಚೈನ್’ ಆಜ್ಞೆಯಲ್ಲಿ. ಯಾವುದು ಯಾವುದಕ್ಕಾಗಿ ಕಾದಿತು ಎಂಬ ಸರಪಳಿಯನ್ನು ಇದು ಬಿಡಿಸಿ ತೋರಿಸುತ್ತದೆ. @ ಚಿಹ್ನೆಯ ಮುಂದಿನ ಅಂಕಿ ಅದು ಎಷ್ಟನೆಯ ಸೆಕೆಂಡಿಗೆ ಸಿದ್ಧವಾಯಿತು ಎಂಬುದು, + ಚಿಹ್ನೆಯ ಮುಂದಿನದು ಅದಕ್ಕೇ ಹಿಡಿದ ಹೊತ್ತು. ಸರಪಳಿಯನ್ನು ಕೆಳಗಿನಿಂದ ಮೇಲಕ್ಕೆ ಓದುತ್ತ ಬಂದರೆ ಒಂದು ಕಡೆ ಅಂಕಿ ದಿಢೀರನೆ ಹಾರುತ್ತದೆ. ಇಲ್ಲಿ ಅದು ‘ಸ್ವಾಪ್.ಟಾರ್ಗೆಟ್’ ಹತ್ತಿರ 1 ನಿಮಿಷ 30 ಸೆಕೆಂಡಿಗೆ ಹಾರಿತ್ತು. ಸ್ವಾಪ್ ಎಂದರೆ ರಾಮ್ ಸಾಲದಾದಾಗ ಬಳಸಲು ಡಿಸ್ಕಿನಲ್ಲಿ ಬಿಟ್ಟಿರುವ ಜಾಗ.

ಈ ಒಂದೂವರೆ ನಿಮಿಷವನ್ನು ಗಟ್ಟಿಯಾಗಿ ನೆನಪಿಡಿ. ಯಾವುದೋ ಸಾಧನ ಬರಲಿ ಎಂದು ಸಿಸ್ಟಮ್‌ಡಿ ತಾನಾಗಿ ಕಾಯುವ ಗಡುವು ಅದು, 90 ಸೆಕೆಂಡು. ಖಚಿತಪಡಿಸಿಕೊಳ್ಳಲು ಕಂಪ್ಯೂಟರನ್ನು ಮತ್ತೆ ಆನ್ ಮಾಡಿ, ಲೋಗೊ ಬಂದಾಗ ಎಸ್ಕೇಪ್ ಕೀಲಿ ಒತ್ತಿದೆವು. ಲೋಗೊ ಸರಿದು ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಬಂದವು. ಕೊನೆಯ ಸಾಲಿನಲ್ಲಿ ಕೆಂಪು ನಕ್ಷತ್ರ ಚಿಹ್ನೆಗಳು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಓಡಾಡುತ್ತಿದ್ದವು. ಪಕ್ಕದಲ್ಲಿ ‘ಎ ಸ್ಟಾರ್ಟ್ ಜಾಬ್ ಈಸ್ ರನ್ನಿಂಗ್’ ಎಂಬ ಬರಹ, ಒಂದು ಉದ್ದನೆಯ ಗುರುತು ಸಂಖ್ಯೆ, ಅದರ ಮುಂದೆ ಒಂದೊಂದೇ ಸೆಕೆಂಡು ಏರುವ ಎಣಿಕೆ. ‘ಇಷ್ಟು ದಿನ ಈ ಲೋಗೊ ಹಿಂದೆ ಇದು ನಡೆಯುತ್ತಿತ್ತೇ!’ ಎಂದು ಅಂಗಡಿಯವರು ಕುರ್ಚಿ ಮುಂದಕ್ಕೆ ಎಳೆದುಕೊಂಡರು.

ವಿಳಾಸ ಬದಲಾದ ಸ್ವಾಪ್

ಏನಾಗಿತ್ತೆಂದರೆ, ಅವರ ಅಕ್ಕನ ಮಗ ಎಂಜಿನಿಯರಿಂಗ್ ಓದುವ ಹುಡುಗ. ರಜೆಯಲ್ಲಿ ಬಂದವನು ಅದೇ ಕಂಪ್ಯೂಟರಿನಲ್ಲಿ ಉಬುಂಟು ಪಕ್ಕಕ್ಕೆ ಮತ್ತೊಂದು ಲಿನಕ್ಸ್ ಹಾಕಿಕೊಂಡಿದ್ದ. ಹೊಸದನ್ನು ಹಾಕುವಾಗ ಸ್ವಾಪ್ ಪಾರ್ಟಿಷನ್ (ಡಿಸ್ಕಿನಲ್ಲಿ ಅದಕ್ಕೆಂದು ಮಾಡಿದ ಭಾಗ) ಹೊಸದಾಗಿ ಫಾರ್ಮ್ಯಾಟ್ ಆಗಿ, ಅದರ ಯುಯುಐಡಿ, ಅಂದರೆ ಗುರುತು ಸಂಖ್ಯೆ, ಬದಲಾಗಿತ್ತು. ಹಳೆಯ ಉಬುಂಟು ಮಾತ್ರ ದಿನವೂ ಹಳೆಯ ಸಂಖ್ಯೆಯನ್ನೇ ಹುಡುಕಿ, ಒಂದೂವರೆ ನಿಮಿಷ ಕಾದು, ಸಿಗದೆ ಮುಂದಕ್ಕೆ ಹೋಗುತ್ತಿತ್ತು. ಹುಡುಗನ ತಪ್ಪೇನೂ ಇಲ್ಲ, ಇದು ಅನುಭವಸ್ಥರಿಗೂ ಆಗುವಂಥದ್ದು. ಕರ್ನಲ್ ಹಂತದ 37 ಸೆಕೆಂಡಿಗೂ ಇದೇ ಮೂಲ. ಹೈಬರ್ನೇಟ್ ಮಾಡಿಟ್ಟ ಸ್ಥಿತಿ, ಅಂದರೆ ಆಫ್ ಮಾಡುವ ಮುನ್ನ ಡಿಸ್ಕಿನಲ್ಲಿ ಉಳಿಸಿದ ಕೆಲಸ, ಏನಾದರೂ ಇದೆಯೇ ಎಂದು ಅದೇ ಸ್ವಾಪನ್ನು ಮೊದಲೇ ಒಮ್ಮೆ ಹುಡುಕಿ, ಸುಮಾರು ಅರ್ಧ ನಿಮಿಷ ಅಲ್ಲೂ ಕಾಯುತ್ತಿತ್ತು.

ಸರಿಪಡಿಸುವ ಕ್ರಮ ಹೀಗೆ. ‘ಸುಡೊ ಬಿಎಲ್‌ಕೆಐಡಿ’ (sudo blkid; ಸುಡೊ ಎಂದರೆ ನಿರ್ವಾಹಕರ ಅಧಿಕಾರದಲ್ಲಿ ಓಡಿಸು ಎಂದು) ಕೊಟ್ಟರೆ ಪ್ರತಿ ಪಾರ್ಟಿಷನ್ನಿನ ಈಗಿನ ಯುಯುಐಡಿ ಕಾಣುತ್ತದೆ. ಆನ್ ಆಗುವಾಗ ಯಾವ ಡಿಸ್ಕುಗಳನ್ನು ಜೋಡಿಸಬೇಕೆಂಬ ಪಟ್ಟಿಯಾದ, ಇಟಿಸಿ ಫೋಲ್ಡರಿನಲ್ಲಿರುವ ‘ಎಫ್‌ಎಸ್‌ಟ್ಯಾಬ್’ (/etc/fstab) ಎಂಬ ಕಡತದಲ್ಲಿ ಹಳೆಯದು ಇರುತ್ತದೆ. ಮೊದಲು ಆ ಕಡತದ ಒಂದು ಪ್ರತಿ ಮಾಡಿಟ್ಟುಕೊಳ್ಳಿ. ಇದನ್ನು ಬಿಟ್ಟು ಮುಂದಕ್ಕೆ ಹೋಗಲೇಬೇಡಿ, ಏಕೆಂದರೆ ಇದರಲ್ಲಿ ಮೂಲ ಡಿಸ್ಕಿನ ಸಾಲು ಕೆಟ್ಟರೆ ಕಂಪ್ಯೂಟರ್ ಆನ್ ಆಗುವುದೇ ಇಲ್ಲ. ಆಮೇಲೆ ‘ಸುಡೊ ನ್ಯಾನೊ’ ಮೂಲಕ ಕಡತ ತೆರೆದು, ಸ್ವಾಪ್ ಎಂದಿರುವ ಸಾಲಿನಲ್ಲಿ ಮಾತ್ರ ಹೊಸ ಸಂಖ್ಯೆ ಹಾಕಿ. ಕೈಯಲ್ಲಿ ಟೈಪ್ ಮಾಡದೆ ಕಾಪಿ ಮಾಡಿ ಅಂಟಿಸಿ. ಉಳಿಸಿದ ಮೇಲೆ ‘ಸುಡೊ ಸ್ವಾಪ್‌ಆನ್ -ಎ’ ಕೊಟ್ಟು ನೋಡಿ. ದೂರು ಏನೂ ಬರದಿದ್ದರೆ ಸರಿಯಾಗಿದೆ ಎಂದರ್ಥ.

ಇಟಿಸಿಯೊಳಗೇ ಇರುವ ‘ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್’ (initramfs-tools) ಫೋಲ್ಡರಿನ ‘ಕಾನ್ಫ್.ಡಿ’ ಒಳಗೆ ‘ರೆಸ್ಯೂಮ್’ ಎಂಬ ಕಡತ ಇದ್ದರೆ ಅದರಲ್ಲೂ ಹೊಸ ಸಂಖ್ಯೆ ಹಾಕಿ, ‘ಸುಡೊ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು’ ಓಡಿಸಬೇಕು. ಮರಳಿ ಆನ್ ಮಾಡಿದಾಗ ಕರ್ನಲ್ 6.9ಕ್ಕೆ, ಯೂಸರ್‌ಸ್ಪೇಸ್ 27.8ಕ್ಕೆ ಇಳಿದಿತ್ತು. ಒಟ್ಟು ಸರಿಯಾಗಿ 54 ಸೆಕೆಂಡು. ಎರಡು ಕಡತಗಳಲ್ಲಿ ತಲಾ ಒಂದು ಸಾಲು ತಿದ್ದಿದ್ದಕ್ಕೆ ಎರಡು ನಿಮಿಷ ಉಳಿಯಿತು.

ಯಾವಾಗಲೋ ಒಮ್ಮೆ ಜೋಡಿಸುವ ಹೊರಗಿನ ಹಾರ್ಡ್‌ಡಿಸ್ಕ್ ಎಫ್‌ಎಸ್‌ಟ್ಯಾಬ್‌ನಲ್ಲಿದ್ದರೆ ತೊಂದರೆ ಇನ್ನೂ ದೊಡ್ಡದು. ಡಿಸ್ಕ್ ಇಲ್ಲದ ದಿನ 90 ಸೆಕೆಂಡು ಕಾದು, ತುರ್ತು ಸ್ಥಿತಿಯ ಕಪ್ಪು ಪರದೆಗೇ ಹೋಗಿ ನಿಲ್ಲುತ್ತದೆ. ಆ ಸಾಲಿನ ಆಯ್ಕೆಗಳಲ್ಲಿ ‘ನೋಫೇಲ್’ ಎಂದು ಸೇರಿಸಿದರೆ ಡಿಸ್ಕ್ ಇಲ್ಲದಿದ್ದರೂ ಕೆಲಸ ಮುಂದುವರಿಯುತ್ತದೆ.

ಬೇಡದ ಸರ್ವಿಸ್‌ಗಳು

ಬ್ಲೇಮ್ ಪಟ್ಟಿಗೆ ಬೆಲೆ ಬರುವುದು ಈಗ. ಹನ್ನೊಂದು ಸೆಕೆಂಡಿನದು ‘ನೆಟ್‌ವರ್ಕ್‌ಮ್ಯಾನೇಜರ್-ವೇಟ್-ಆನ್‌ಲೈನ್’. ಇಂಟರ್ನೆಟ್ ಸಿಗುವವರೆಗೆ ಕೆಲವು ಕೆಲಸಗಳನ್ನು ಹಿಡಿದು ನಿಲ್ಲಿಸುವುದಷ್ಟೇ ಇದರ ಕೆಲಸ. ಬೇರೆ ಕಂಪ್ಯೂಟರಿನ ಫೋಲ್ಡರುಗಳನ್ನು ಆನ್ ಆಗುವಾಗಲೇ ಜೋಡಿಸಿಕೊಳ್ಳುವ ಕಚೇರಿಗಳಿಗೆ ಇದು ಬೇಕು, ಒಂಟಿ ಕಂಪ್ಯೂಟರಿನ ಅಂಗಡಿಗೆ ಬೇಡ. ‘ಸುಡೊ ಸಿಸ್ಟಮ್‌ಸಿಟಿಎಲ್ ಡಿಸೇಬಲ್’ ಎಂದು ಬರೆದು ಅದರ ಪೂರ್ತಿ ಹೆಸರು ಕೊಟ್ಟರೆ ನಿಲ್ಲುತ್ತದೆ. ಮತ್ತೆ ಬೇಕೆನಿಸಿದರೆ ‘ಡಿಸೇಬಲ್’ ಜಾಗದಲ್ಲಿ ‘ಎನೇಬಲ್’ ಎನ್ನಿ. ಹೆಸರು ಇಂಗ್ಲಿಷಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಪಟ್ಟಿಯಲ್ಲಿ ಇದ್ದಂತೆಯೇ ಇರಬೇಕು.

ಪ್ರಾಜೆಕ್ಟಿಗೆಂದು ಹುಡುಗ ಹಾಕಿಟ್ಟಿದ್ದ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಮತ್ತು ಅಪಾಚೆ ಎಂಬ ವೆಬ್ ಸರ್ವರ್ ದಿನವೂ ಏಳುತ್ತಿದ್ದವು. ಅವನಿಗೆ ಫೋನ್ ಮಾಡಿ ಕೇಳಿಯೇ ನಿಲ್ಲಿಸಿದೆವು. ಪ್ರಿಂಟರಿಗೆ ಬೇಕಾದ ‘ಕಪ್ಸ್’ ಮುಟ್ಟಲಿಲ್ಲ. ಹೆಸರಿನ ಅರ್ಥ ಗೊತ್ತಿಲ್ಲದ ಯಾವುದನ್ನೂ, ಅದರಲ್ಲೂ ಸಿಸ್ಟಮ್‌ಡಿ, ಡಿಬಸ್, ಯುಡೆವ್ ಎಂದು ಶುರುವಾಗುವವನ್ನು ಮುಟ್ಟಬಾರದು.

ಲಾಗಿನ್ ಪರದೆ ಬೇಗ ಬಂದು, ಪಾಸ್‌ವರ್ಡ್ ಕೊಟ್ಟ ಮೇಲೆ ತಡವಾಗುತ್ತಿದ್ದರೆ ಈ ಯಾವ ಲೆಕ್ಕದಲ್ಲೂ ಅದು ಕಾಣುವುದಿಲ್ಲ. ಸ್ಟಾರ್ಟ್‌ಅಪ್ ಅಪ್ಲಿಕೇಷನ್ಸ್ ಎಂಬ ಕಿಟಕಿಯನ್ನು ತೆರೆದು ಬೇಡದ್ದನ್ನು ತೆಗೆಯಿರಿ.

ಕರೆಂಟ್ ಹೋಗಿ ಬಂದಾಗ

ಕರೆಂಟ್ ಬಂತೆಂದು ಗುಂಡಿ ಒತ್ತಿದ ಅರ್ಧ ನಿಮಿಷಕ್ಕೆ ಮತ್ತೆ ಹೋಗುವುದು ಬೇಸಿಗೆಯಲ್ಲಿ ನಮ್ಮ ಕಡೆ ಹೊಸದಲ್ಲ. ಹೀಗೆ ಆನ್ ಆಗುವ ಕೆಲಸ ನಡುವೆಯೇ ನಿಂತರೆ, ಉಬುಂಟುವಿನ ಗ್ರಬ್ ‘ಹಿಂದಿನ ಬಾರಿ ಏನೋ ಕೆಟ್ಟಿದೆ’ ಎಂದು ಗುರುತು ಹಾಕಿಕೊಂಡು, ಮುಂದಿನ ಬಾರಿ ಪಟ್ಟಿಯನ್ನು 30 ಸೆಕೆಂಡು ತೋರಿಸುತ್ತದೆ. ಇದು ಕೆಟ್ಟಿರುವ ಲಕ್ಷಣವಲ್ಲ, ಎಂಟರ್ ಒತ್ತಿದರೆ ಮುಂದಕ್ಕೆ ಹೋಗುತ್ತದೆ. ಆಗಾಗ ಹೀಗಾಗುತ್ತಿದ್ದರೆ ಇಟಿಸಿಯ ‘ಡಿಫಾಲ್ಟ್’ ಫೋಲ್ಡರಿನಲ್ಲಿರುವ ‘ಗ್ರಬ್’ ಕಡತದಲ್ಲಿ ದೊಡ್ಡ ಅಕ್ಷರಗಳಲ್ಲಿ ‘ಗ್ರಬ್_ರೆಕಾರ್ಡ್‌ಫೇಲ್_ಟೈಮ್‌ಔಟ್=5’ ಎಂಬ ಸಾಲು ಸೇರಿಸಿ, ‘ಸುಡೊ ಅಪ್‌ಡೇಟ್-ಗ್ರಬ್’ ಓಡಿಸಿ.

ಫರ್ಮ್‌ವೇರ್‌ನ 14 ಸೆಕೆಂಡಿನ ಕಾರಣ ಮದರ್‌ಬೋರ್ಡಿನ ಗುಂಡು ಸೆಲ್. ಸಿಆರ್2032 ಎಂಬ ಈ ಮೂರು ವೋಲ್ಟಿನ ಸೆಲ್ ಸತ್ತರೆ, ಕರೆಂಟ್ ಹೋದಾಗಲೆಲ್ಲ ಗಡಿಯಾರವೂ ಬಯಾಸ್ ಆಯ್ಕೆಗಳೂ ಕಾರ್ಖಾನೆಯ ಸ್ಥಿತಿಗೆ ಮರಳುತ್ತವೆ. ಅಂಗಡಿಯ ಯಂತ್ರದಲ್ಲಿ ಹೀಗೆ ನೆಟ್‌ವರ್ಕ್ ಮೂಲಕ ಆನ್ ಆಗುವ ಆಯ್ಕೆ ಮೊದಲ ಸ್ಥಾನಕ್ಕೆ ಬಂದು ಕುಳಿತಿತ್ತು. ಸೆಲ್ ಬದಲಿಸಿ, ಆ ಆಯ್ಕೆ ತೆಗೆದು, ಡಿಸ್ಕನ್ನು ಮೊದಲಿಗೆ ಇಟ್ಟ ಮೇಲೆ ಅದು ಆರು ಸೆಕೆಂಡಿಗೆ ಬಂತು. ಮರೆತು ಬಿಟ್ಟ ಪೆನ್‌ಡ್ರೈವ್ ಕೂಡ ಇದೇ ಹಂತದಲ್ಲಿ ತಡ ಮಾಡುತ್ತದೆ. ಈಗ ಒಟ್ಟು 34 ಸೆಕೆಂಡು.

ಡಿಸ್ಕಿನದೇ ದೋಷವಿದ್ದರೆ

ಮೇಲಿನ ಯಾವುದೂ ಹೊಂದದೆ ಎಲ್ಲವೂ ಸಮಾನವಾಗಿ ನಿಧಾನವಾಗಿದ್ದರೆ ಡಿಸ್ಕ್ ನೋಡಬೇಕು. ಡಿಸ್ಕಿನ ಆರೋಗ್ಯ ತಿಳಿಸುವ ‘ಸ್ಮಾರ್ಟ್‌ಮಾನ್‌ಟೂಲ್ಸ್’ (smartmontools) ಹಾಕಿಕೊಂಡು ‘ಸುಡೊ ಸ್ಮಾರ್ಟ್‌ಸಿಟಿಎಲ್ -ಎ’ (sudo smartctl -a) ಎಂದು ಬರೆದು ಡಿಸ್ಕಿನ ಹೆಸರು ಕೊಡಿ. ಬರುವ ಪಟ್ಟಿಯ ಎಡ ತುದಿಯಲ್ಲಿ ಕ್ರಮಸಂಖ್ಯೆಗಳಿರುತ್ತವೆ, ಬಲ ತುದಿಯ ಅಂಕಿ ಓದಬೇಕು. 5, 197, 198 ಸಂಖ್ಯೆಯ ಸಾಲುಗಳಲ್ಲಿ ಸೊನ್ನೆ ಇದ್ದರೆ ನೆಮ್ಮದಿ. ಏರುತ್ತಿದ್ದರೆ ಡಿಸ್ಕಿನ ಮೇಲ್ಮೈ ಹಾಳಾಗುತ್ತಿದೆ, ಕೆಟ್ಟ ಜಾಗವನ್ನು ಓದಲು ಅದು ಮತ್ತೆ ಮತ್ತೆ ಯತ್ನಿಸುವುದರಿಂದಲೇ ತಡವಾಗುತ್ತಿದೆ. 199ನೆಯದು ಏರುತ್ತಿದ್ದರೆ ಮಾತ್ರ ಆಸೆ ಇಟ್ಟುಕೊಳ್ಳಬಹುದು, ಅಲ್ಲಿ ಸಾಮಾನ್ಯವಾಗಿ ದೋಷ ಕೇಬಲಿನದು. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಪೆಟ್ಟಿಗೆ ತೆರೆದು ದೂಳು ಒರೆಸಿ, ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲನ್ನು ಎರಡೂ ಕಡೆ ಬಿಚ್ಚಿ ಮತ್ತೆ ಗಟ್ಟಿಯಾಗಿ ಕೂರಿಸಿ. ಆ ಅಂಕಿ ಇಳಿಯುವುದಿಲ್ಲ. ಮುಂದಕ್ಕೆ ಏರದಿದ್ದರೆ ಸಾಕು.

5, 197, 198 ಏರುತ್ತಿದ್ದರೆ ಇನ್ನೇನೂ ಪ್ರಯೋಗ ಮಾಡಬೇಡಿ. ಅಂದೇ ಫೋಟೊ, ಲೆಕ್ಕ, ಕಡತಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿ. ಬದಲಿಗೆ ಕೊಳ್ಳುವಾಗ ಎಸ್‌ಎಸ್‌ಡಿ ಕೊಳ್ಳಿ. ತಿರುಗುವ ಡಿಸ್ಕಿನಲ್ಲಿ ಓದುವ ತಲೆ ಒಂದು ಕಡೆಯಿಂದ ಇನ್ನೊಂದು ಕಡೆ ಸರಿಯಲು ಸುಮಾರು ಹತ್ತು ಮಿಲಿಸೆಕೆಂಡು ಹಿಡಿಯುತ್ತದೆ. ಕಂಪ್ಯೂಟರ್ ಆನ್ ಆಗುವಾಗ ಚದುರಿಬಿದ್ದ ಸಾವಿರಾರು ಸಣ್ಣ ಕಡತಗಳಿಗಾಗಿ ಹಾಗೆ ಓಡಾಡಬೇಕು. ಎಸ್‌ಎಸ್‌ಡಿಯಲ್ಲಿ ಸರಿಯುವ ಭಾಗವೇ ಇಲ್ಲ. ಹಳೆಯ ಡಿಸ್ಕಿನಿಂದ ಹೊಸದಕ್ಕೆ ಪೂರ್ತಿ ವ್ಯವಸ್ಥೆಯನ್ನು ನಕಲು ಮಾಡುವ ಬದಲು ಲಿನಕ್ಸನ್ನು ಹೊಸದಾಗಿ ಹಾಕಿ, ನಿಮ್ಮ ಕಡತಗಳನ್ನಷ್ಟೇ ಮರಳಿ ತುಂಬಿಕೊಳ್ಳಿ. ಹಳೆಯ ಡಿಸ್ಕನ್ನು ಆ ಪೆಟ್ಟಿಗೆಯಲ್ಲೇ ಉಳಿಸಿದರೆ ಅದು ಎಚ್ಚರಗೊಳ್ಳಲಿ ಎಂದು ಕಂಪ್ಯೂಟರ್ ದಿನವೂ ಕಾಯುತ್ತದೆ. ಅದರ ಕೇಬಲ್ ಕಿತ್ತು ಹೊರಗೆ ಇಡಿ.