ಹೆರಕಲ್ ಹಿನ್ನೀರಿನಲ್ಲಿ ರಾಜಹಂಸಗಳ ಫೋಟೊ ತೆಗೆದದ್ದು

ನಮ್ಮ ಬಾಗಲಕೋಟೆ ಸುತ್ತಮುತ್ತ ಬೇಸಿಗೆ ಹತ್ತಿರ ಬಂದಂತೆ ಆಲಮಟ್ಟಿ ಹಿನ್ನೀರು ಇಳಿಯುತ್ತದೆ. ಬೀಳಗಿ ತಾಲೂಕಿನ ಹೆರಕಲ್ ಕಡೆ ಹೋದರೆ ನೀರು ಸರಿದ ಜಾಗದಲ್ಲೆಲ್ಲಾ ಕಪ್ಪು ರಾಡಿ, ಅದರಾಚೆ ಮೊಣಕಾಲು ಮುಳುಗುವಷ್ಟೇ ನೀರು. ರಾಜಹಂಸಗಳು, ಅಂದರೆ ಫ್ಲೆಮಿಂಗೊಗಳು, ಇಳಿಯುವುದು ಅಲ್ಲೇ.

ಮೊದಲ ವರ್ಷ ತಪ್ಪು ಮಾಡಿದೆ. ದೂರ ಅನಿಸಿತು, ಕ್ಯಾಮೆರಾ ಹಿಡಿದು ನಡೆಯುತ್ತಾ ಹೋದೆ. ಮೇಯುತ್ತಿದ್ದ ಹಕ್ಕಿಗಳು ಒಂದೊಂದಾಗಿ ತಲೆ ಎತ್ತಿದವು. ಆದರೂ ಇನ್ನು ನಾಲ್ಕು ಹೆಜ್ಜೆ ಇಟ್ಟೆ. ಇಡೀ ಗುಂಪು ನೀರಿನ ಮೇಲೆ ದಡದಡ ಓಡಿ ಹಾರಿಹೋಯಿತು. ಹೊಟ್ಟೆಪಾಡಿಗೆ ಬಂದ ಜೀವಗಳನ್ನು ನಾನೇ ಎಬ್ಬಿಸಿದ್ದೆ. ಅಲ್ಲಿ ಕುರಿ ಮೇಯಿಸುತ್ತಿದ್ದ ಅಜ್ಜ ಹೇಳಿದರು: "ನಿಂತು ಬಂದ್ರ ಹಾರೇ ಹಾರ್ತಾವ್ರೀ ಸರ. ಸುಮ್ನ ಒಂದ ಕಡೆ ಕುಂಡರ್ರಿ, ಅವೇ ಬರ್ತಾವ."

ಈಗ ಕತ್ತಲಿರುವಾಗಲೇ ಹೋಗುತ್ತೇನೆ. ಸೂರ್ಯ ಬೆನ್ನ ಹಿಂದೆ ಹುಟ್ಟಬೇಕು, ಅಂಥ ದಂಡೆಯನ್ನು ಹಿಂದಿನ ದಿನವೇ ನೋಡಿಟ್ಟಿರುತ್ತೇನೆ. ಮಣ್ಣಿನ ಬಣ್ಣದ ಅಂಗಿ. ಗೋಣಿಚೀಲ ಹಾಸಿ ಬೋರಲು ಮಲಗಿ, ಜೋಳ ತುಂಬಿದ ಸಣ್ಣ ಚೀಲದ ಮೇಲೆ ಲೆನ್ಸ್ ಇಡುತ್ತೇನೆ. ಟ್ರೈಪಾಡ್‌ಗಿಂತ ಇದೇ ವಾಸಿ, ಕ್ಯಾಮೆರಾ ಹಕ್ಕಿಯ ಕಣ್ಣಿಗಿಂತ ಕೆಳಗೇ ಇರುತ್ತದೆ. ರಾಡಿಗೆ ಮಾತ್ರ ಇಳಿಯಬೇಡಿ. ಮೇಲೆ ಒಣಗಿ ಬಿರುಕು ಬಿಟ್ಟಿದ್ದರೂ ಒಳಗೆ ಕಾಲು ಹೂತುಹೋಗುತ್ತದೆ.

ಹಾಗೆ ಮಲಗಿದ ಮೇಲೆಯೇ ಅವು ಮೇಯುವುದನ್ನು ಸರಿಯಾಗಿ ನೋಡಿದ್ದು. ಕೊಕ್ಕನ್ನು ತಲೆಕೆಳಗಾಗಿ ನೀರಿಗೆ ಅದ್ದುತ್ತವೆ. ನಾಲಿಗೆಯಿಂದ ನೀರನ್ನು ಒಳಗೆ ಹೊರಗೆ ದೂಡಿ, ಕೊಕ್ಕಿನ ಅಂಚಿನ ಜಾಲರಿಯಲ್ಲಿ ಸಣ್ಣ ಹುಳು, ಪಾಚಿ ಸೋಸಿಕೊಳ್ಳುತ್ತವೆ. ಒಂದು ಹಕ್ಕಿ ತಲೆ ಅದ್ದಿದ ಕಡೆಯೇ ಇಟ್ಟು, ಕಾಲಲ್ಲಿ ಕೆಸರು ತುಳಿಯುತ್ತಾ ಸುತ್ತು ಹಾಕಿತು. ಕೆಳಗಿನ ಹುಳಗಳೆಲ್ಲ ಮೇಲೇಳಲಿ ಅಂತ. ಅದರ ಸುತ್ತ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ನನ್ನ ಇಷ್ಟದ ಫೋಟೊ ಅದೇ.

ದೂರದಿಂದ ಗುಲಾಬಿ ಅನಿಸಿದರೂ ಮೈ ಜಾಸ್ತಿ ಬಿಳಿಯೇ. ಕಪ್ಪು ನೀರು ನೋಡಿ ಕ್ಯಾಮೆರಾ ಬೆಳಕು ಹೆಚ್ಚಿಸಿಬಿಡುತ್ತದೆ, ಗರಿಗಳೆಲ್ಲ ಸುಣ್ಣ ಬಳಿದಂತಾಗುತ್ತವೆ. ಹಾಗಾಗಿ ಎಕ್ಸ್‌ಪೋಶರ್, ಅಂದರೆ ಕ್ಯಾಮೆರಾ ಒಳಗೆ ಬಿಡುವ ಬೆಳಕು, ಅರ್ಧ ಸ್ಟಾಪಿನಿಂದ ಒಂದು ಸ್ಟಾಪ್ ಇಳಿಸುತ್ತೇನೆ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧಕ್ಕಿಳಿಯುತ್ತದೆ). ಮೇಯುವಾಗ ಶಟರ್ ವೇಗ 1/800 ಸೆಕೆಂಡ್ ಸಾಕು, ಹಾರುವಾಗ 1/2000 ಬೇಕು. ರೆಕ್ಕೆ ಬಿಚ್ಚಿದಾಗಲೇ ಒಳಗಿನ ಕೆಂಪು, ಕಪ್ಪು ಕಾಣುವುದು. ಆ ಚಿತ್ರ ಬೇಕು ಅಂತ ಕಲ್ಲೆಸೆದು ಎಬ್ಬಿಸುವವರನ್ನು ನೋಡಿದ್ದೇನೆ. ತುಂಬಾ ನೋವಾಗುತ್ತದೆ. ಅವು ತಾವಾಗಿಯೇ ಜಾಗ ಬದಲಿಸುತ್ತವೆ, ಕಾಯಬೇಕು ಅಷ್ಟೇ.

ಬಿಸಿಲೇರಿದರೆ ನೆಲದ ಕಾವಿಗೆ ಗಾಳಿ ನಡುಗಿ ಯಾವ ಫೋಟೊನೂ ಚೊಕ್ಕ ಬರಲ್ಲ. ಆದರೆ ಹಕ್ಕಿಗಳು ಹತ್ತಿರವಿದ್ದರೆ ನಾನು ಏಳುವುದಿಲ್ಲ. ಕಳೆದ ಸಲ ಅವು ಮೇಯುತ್ತಾ ದೂರ ಸರಿಯುವ ಹೊತ್ತಿಗೆ ಹತ್ತೂವರೆ. ಆಮೇಲೆ ಎದ್ದು ಬೈಕಿನ ಹತ್ತಿರ ಹೋಗಿ ರೊಟ್ಟಿ ಬುತ್ತಿ ಬಿಚ್ಚಿದೆ.