ಡ್ರಿಫ್ಟ್ ಕಲಿಯೋಕೆ ಮೊದಲು ಹಿಂದಿನ ಟೈರ್ ಗಾಳಿ ಸರಿಮಾಡಿ
ಡ್ರಿಫ್ಟ್ ಅಂದ್ರೆ ತಿರುವಲ್ಲಿ ಕಾರಿನ ಹಿಂಭಾಗ ಬೇಕಂತಲೇ ಜಾರಿಸಿ ಅಡ್ಡಡ್ಡ ಓಡಿಸೋದು. ಪವರ್ ಕಮ್ಮಿ ಇರೋ ಹಳೇ ರಿಯರ್ ವೀಲ್ ಡ್ರೈವ್ (ಎಂಜಿನ್ ಹಿಂದಿನ ಚಕ್ರ ತಿರುಗಿಸೋ) ಕಾರಾದ್ರೆ ಎಂಜಿನ್‌ಗೆ ದುಡ್ಡು ಸುರಿಯಬೇಡಿ. ಹಿಂದೆ ಗಟ್ಟಿ ರಬ್ಬರಿನ ಅಗ್ಗದ ಟೈರ್ ಹಾಕಿ 40 ಪಿಎಸ್‌ಐ ಗಾಳಿ ತುಂಬಿ, ಮುಂದೆ ಒಳ್ಳೆ ಹಿಡಿತದ ಟೈರಿಗೆ 30–32 ಸಾಕು. ಗಾಳಿ ಹೆಚ್ಚಿದ್ದಷ್ಟೂ ಟೈರ್ ನೆಲಕ್ಕೆ ಕೂರೋ ಜಾಗ ಕಿರಿದಾಗಿ ಹಿಂಭಾಗ ಬೇಗ ಜಾರುತ್ತೆ, ಮುಂಭಾಗ ಸ್ಟೇರಿಂಗ್ ಮಾತು ಕೇಳುತ್ತೆ. ಸೈಡ್‌ವಾಲ್ (ಟೈರಿನ ಪಕ್ಕದ ಭಾಗ) ಮೇಲೆ ಅಚ್ಚಾದ ಗರಿಷ್ಠ ಒತ್ತಡ ಮಾತ್ರ ದಾಟಿಸಬೇಡಿ. ಓಪನ್ ಡಿಫರೆನ್ಷಿಯಲ್ (ಎರಡು ಚಕ್ರಕ್ಕೆ ಶಕ್ತಿ ಹಂಚುವಾಗ ಹಿಡಿತ ಕಮ್ಮಿ ಇರೋದನ್ನೇ ಸುತ್ತಿಸಿಬಿಡೋ ಗೇರ್ ಜೋಡಣೆ) ಇದ್ರೆ ಈ ಉಪಾಯ ಅರ್ಧಂಬರ್ಧ: ಒಳಗಿನ ಚಕ್ರ ಒಂದೇ ಗಿರಗಿರ ಸುತ್ತಿ ಹೊಗೆ ಬಿಡುತ್ತೆ, ಕಾರು ಅಡ್ಡ ತಿರುಗಲ್ಲ. ಟ್ರ್ಯಾಕ್ ಮುಗಿಸಿ ರಸ್ತೆಗಿಳಿಯೋ ಮುಂಚೆ ಹಿಂದಿನ ಮಾಮೂಲಿ ಟೈರ್ ವಾಪಸ್ ಹಾಕಿ; ಟೈರ್ ತಣ್ಣಗಿರುವಾಗಲೇ ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರ್‌ನಲ್ಲಿರೋ ಒತ್ತಡಕ್ಕೆ ತನ್ನಿ. ಇಲ್ದಿದ್ರೆ ಒದ್ದೆ ರಸ್ತೆಯ ತಿರುವಲ್ಲಿ ಬ್ರೇಕ್ ಒತ್ತಿದಾಗ ಹಿಂಭಾಗ ಮುಂದೆ ಬರುತ್ತೆ.