ಬಾಕ್ಸ್‌ಎನ್ ವ್ಯಾಗನ್‌ಗೆ ಬಣ್ಣ ಬಳಿದು ಅಕ್ಷರ ಬರೆದಿದ್ದು: ನನ್ನ ಅನುಭವ

ಮಾಡೆಲ್ ರೈಲು ಅಂದರೆ ಎಲ್ಲರ ಕಣ್ಣೂ ಎಂಜಿನ್ ಮೇಲೆ. ನನಗೆ ಗೂಡ್ಸ್ ಗಾಡಿಯೇ ಇಷ್ಟ. ಅದರಲ್ಲೂ ಬಾಕ್ಸ್‌ಎನ್, ಅಂದರೆ ಕಲ್ಲಿದ್ದಲು, ಅದಿರು ಹೊರುವ ತೆರೆದ ವ್ಯಾಗನ್. ನೋಡೋಕೆ ಬರೀ ಕಂದು ಡಬ್ಬ. ಅದಕ್ಕೆ ಜೀವ ಬರುವುದು ಮೈಮೇಲಿನ ಬರಹದಿಂದ.

ಅಸಲಿ ವ್ಯಾಗನ್ ಸುಮಾರು 10.7 ಮೀಟರ್ ಉದ್ದ. ಎಚ್‌ಒ ಅಳತೆಯಲ್ಲಿ, ಅಂದರೆ 87ರಲ್ಲಿ ಒಂದು ಪಾಲಿಗೆ, 12.3 ಸೆಂ.ಮೀ. ಆಗುತ್ತದೆ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಲೆಕ್ಕ ಹಾಕಿದರೆ ಎರಡು ಹಳಿಗಳ ನಡುವಿನ ಅಂತರ 19 ಮಿ.ಮೀ. ದಾಟಬೇಕು. ಆದರೆ ಸಿಗುವ ಎಚ್‌ಒ ಹಳಿ 16.5 ಮಿ.ಮೀ. ಮಾತ್ರ. ಅದನ್ನು ಒಪ್ಪಿಕೊಂಡಿದ್ದೇನೆ. ಅಕ್ಷರದಲ್ಲಿ ಮಾತ್ರ ರಾಜಿ ಇಲ್ಲ.

ಮೊದಲ ಕೆಲಸ, ನೋಡುವುದು. ಪ್ಲಾಟ್‌ಫಾರಂ ಟಿಕೆಟ್ ತಗೊಂಡು ಬೆಂಗಳೂರಿನ ಕೆ.ಆರ್. ಪುರ ಅಥವಾ ವೈಟ್‌ಫೀಲ್ಡ್ ಸ್ಟೇಷನ್ನಿನಲ್ಲಿ ನಿಂತರೆ ಸಾಕು. ಗೂಡ್ಸ್ ನಿಧಾನವಾಗಿ ಹೋಗುವಾಗ ಪಕ್ಕಗಳನ್ನು ಗಮನಿಸಿ. ಕಂದು ಬಣ್ಣ ಎರಡು ವ್ಯಾಗನ್‌ನಲ್ಲಿ ಒಂದೇ ಥರ ಇರುವುದಿಲ್ಲ. ಒಂದು ಇಟ್ಟಿಗೆ ಕೆಂಪು, ಇನ್ನೊಂದು ಮಾಸಿ ಬೂದು. ಹಾಗಾಗಿ ನಾನು ರೆಡ್ ಆಕ್ಸೈಡ್ ಬಣ್ಣವನ್ನು ಬಾಟಲಿಯಿಂದ ಹಾಗೇ ಬಳಸುವುದಿಲ್ಲ. ಒಂದಕ್ಕೆ ಸ್ವಲ್ಪ ಕಪ್ಪು, ಇನ್ನೊಂದಕ್ಕೆ ಸ್ವಲ್ಪ ಕಿತ್ತಳೆ ಬೆರೆಸುತ್ತೇನೆ. ಸಾಲಾಗಿ ನಿಲ್ಲಿಸಿದಾಗ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ.

ನನ್ನದು ತ್ರೀಡಿ ಪ್ರಿಂಟ್ ಬಾಡಿ. ಸೋಪಿನ ನೀರಲ್ಲಿ ತೊಳೆದು, ಪ್ರಿಂಟಿನ ಗೆರೆಗಳನ್ನು ನಯವಾದ ಉಜ್ಜುಕಾಗದದಿಂದ ತೆಗೆದು, ಬೂದು ಪ್ರೈಮರ್ ಹೊಡೆಯುತ್ತೇನೆ. ಆಮೇಲೆ 0.3 ಮಿ.ಮೀ. ಸೂಜಿಯ ಏರ್‌ಬ್ರಷ್‌ನಲ್ಲಿ, ಅಂದರೆ ಗಾಳಿಯಿಂದ ಬಣ್ಣ ಚಿಮ್ಮಿಸುವ ಪೆನ್ನಿನಲ್ಲಿ, ಅಕ್ರಿಲಿಕ್ ಬಣ್ಣ. ಒಂದೇ ಸಲ ದಪ್ಪಗೆ ಬೇಡ, ತೆಳುವಾಗಿ ಹಲವು ಕೋಟ್. ಬೆಂಗಳೂರಿನ ಹವೆಗೂ ಇದಕ್ಕೂ ದೊಡ್ಡ ಸಂಬಂಧ ಇದೆ. ಏಪ್ರಿಲ್ ಬಿಸಿಲಿಗೆ ಸೂಜಿಯ ತುದಿಯಲ್ಲೇ ಬಣ್ಣ ಒಣಗುತ್ತದೆ, ಆಗ ಬಣ್ಣ ಬೇಗ ಒಣಗದಂತೆ ತಡೆಯುವ ರಿಟಾರ್ಡರ್ ಒಂದೆರಡು ಹನಿ ಹಾಕಬೇಕು. ಮಳೆಗಾಲದಲ್ಲಿ ಬೆಳಿಗ್ಗೆ ತೇವ ಜಾಸ್ತಿ. ಮಳೆ ಬಿಟ್ಟ ದಿನ ಮಧ್ಯಾಹ್ನದ ಮೇಲೆ ಕೂರುವುದೇ ಒಳ್ಳೆಯದು. ಇಲ್ಲದಿದ್ದರೆ ಮೇಲೆ ಹೊಡೆಯುವ ಲ್ಯಾಕರ್ (ವಾರ್ನಿಷ್) ಬೆಳ್ಳಗೆ ಮಂಜು ಹಿಡಿದ ಹಾಗಾಗುತ್ತದೆ.

ಈಗ ನಂಬರ್. ಇದೇ ನನಗೆ ಅಚ್ಚುಮೆಚ್ಚಿನ ಭಾಗ. ಭಾರತೀಯ ರೈಲ್ವೆಯ ವ್ಯಾಗನ್‌ಗೆ 11 ಅಂಕಿ. ಮೊದಲ ಎರಡು ವ್ಯಾಗನ್ ಜಾತಿ, 10ರಿಂದ 29ರವರೆಗೆ ತೆರೆದ ವ್ಯಾಗನ್. ಮುಂದಿನ ಎರಡು ಯಾವ ರೈಲ್ವೆ ಅಂತ, ನಮ್ಮ ನೈಋತ್ಯ ರೈಲ್ವೆಗೆ 15. ಆಮೇಲೆ ತಯಾರಾದ ವರ್ಷ, ನಂತರ ನಾಲ್ಕು ಅಂಕಿಯ ಕ್ರಮಸಂಖ್ಯೆ. ಕೊನೆಯದು ತಾಳೆ ನೋಡುವ ಅಂಕಿ, ಮೊದಲ ಹತ್ತು ಅಂಕಿಗಳಿಂದ ಲೆಕ್ಕ ಹಾಕಿ ಬರುವುದು.

ನನ್ನ ವ್ಯಾಗನ್ನಿಗೆ ಇಟ್ಟಿದ್ದು 10 15 07 2346. ಎಡದಿಂದ 2, 4, 6, 8, 10ನೇ ಸ್ಥಾನದ ಅಂಕಿ ಕೂಡಿದರೆ 21, ಮೂರರಿಂದ ಗುಣಿಸಿದರೆ 63. ಉಳಿದವು ಸೇರಿ 8. ಒಟ್ಟು 71. ಮುಂದಿನ ಹತ್ತರ ಗುಣಕ 80, ಅದಕ್ಕೆ ಬೇಕಾದ್ದು 9. ಅಲ್ಲಿಗೆ ಕೊನೆಯ ಅಂಕಿ 9. ಇಷ್ಟು ಚಿಕ್ಕ ಅಂಕಿಯನ್ನು ಯಾರು ಲೆಕ್ಕ ಹಾಕಿ ನೋಡುತ್ತಾರೆ ಅನ್ನಬಹುದು. ಗೂಡ್ಸ್ ಬಲ್ಲವರು ನೋಡೇ ನೋಡುತ್ತಾರೆ. ಯಾರೂ ನೋಡದಿದ್ದರೂ ಅದು ಸರಿಯಿರಬೇಕು.

ಬರಹಕ್ಕೆ ಡೆಕಲ್, ಅಂದರೆ ನೀರಲ್ಲಿ ನೆನೆಸಿ ಕಾಗದದಿಂದ ಜಾರಿಸಿ ಅಂಟಿಸುವ ತೆಳು ಚಿತ್ರಪದರ, ಬಳಸುತ್ತೇನೆ. ಮನೆಯ ಲೇಸರ್ ಪ್ರಿಂಟರ್‌ನಲ್ಲಿ ಬಿಳಿ ಬರುವುದಿಲ್ಲ, ಹಾಗಾಗಿ ಬಿಳಿ ಟೋನರ್ ಇರುವ ಕಡೆ ಹಾಕಿಸುತ್ತೇನೆ. ಅಸಲಿ ಅಕ್ಷರ 15 ಸೆಂ.ಮೀ. ಎತ್ತರ ಇದ್ದರೆ ನಮ್ಮಲ್ಲಿ 1.7 ಮಿ.ಮೀ. ಅಷ್ಟೇ. ತೂಕದ ಸಾಲು ಇನ್ನೂ ಚಿಕ್ಕದು: ಖಾಲಿ ತೂಕ 22.47 ಟನ್, ಹೊರುವ ಸರಕು 58.81 ಟನ್.

ಅಂಟಿಸುವ ಮೊದಲು ಗ್ಲಾಸಿ, ಅಂದರೆ ಹೊಳಪಿನ, ವಾರ್ನಿಷ್ ಹೊಡೆಯಲೇಬೇಕು. ಮೇಲ್ಮೈ ಒರಟಾಗಿದ್ದರೆ ಡೆಕಲ್ ಕೆಳಗೆ ಗಾಳಿ ಸಿಕ್ಕಿಕೊಂಡು ಬೆಳ್ಳಗೆ ಹೊಳೆಯುತ್ತದೆ. ಬಾಕ್ಸ್‌ಎನ್ ಪಕ್ಕದಲ್ಲಿ ಉದ್ದುದ್ದ ಕಂಬಿಗಳಿವೆ. ಡೆಕಲನ್ನು ಅವುಗಳ ಮೇಲೆ ಎಳೆಯಬೇಡಿ. ಎರಡು ಕಂಬಿ ನಡುವಿನ ಜಾಗಕ್ಕೆ ತಕ್ಕಂತೆ ತುಂಡು ಮಾಡಿ, ಅಂಚನ್ನು ಅಕ್ಷರದ ಹತ್ತಿರಕ್ಕೇ ಕತ್ತರಿಸಿ. ಉಗುರುಬೆಚ್ಚಗಿನ ನೀರಲ್ಲಿ ಬಿಟ್ಟು, ಕಾಗದದಿಂದ ಜಾರಲು ಶುರುವಾದ ಮೇಲೆ ಒದ್ದೆ ಬ್ರಷ್‌ನಿಂದ ಜಾಗಕ್ಕೆ ತಳ್ಳಿ. ನೀರನ್ನು ಟಿಶ್ಯೂ ಮೂಲೆಯಿಂದ ಹೀರಿಸಿ. ಆಮೇಲೆ ಡೆಕಲ್ ಮೆತ್ತಗಾಗಿಸುವ ದ್ರಾವಣ ಒಂದು ಹನಿ. ಡೆಕಲ್ ಸುಕ್ಕುಗಟ್ಟುತ್ತದೆ. ಗಾಬರಿಯಾಗಿ ಮುಟ್ಟಬೇಡಿ. ಒಣಗುತ್ತಾ ತಾನೇ ಸಪಾಟಾಗುತ್ತದೆ.

ನಮ್ಮ ಬೀದಿಯಲ್ಲಿ ಬೋರ್ಡ್ ಬರೆಯುವವರೊಬ್ಬರು ಇದನ್ನು ನೋಡಿ, "ಇಷ್ಟು ಬೆಳ್ಳಗೆ ಬೇಡ ಸಾರ್, ಧೂಳು ಕೂತ ಬಿಳಿ ಇರಲಿ" ಅಂದರು. ನಿಜ ಅಲ್ವಾ? ಅದಕ್ಕೇ ಹೊಳಪಿಲ್ಲದ ಮ್ಯಾಟ್ ವಾರ್ನಿಷ್ ಆದ ಮೇಲೆ ತುಂಬಾ ನೀರಾದ ಕಂದು ಬಣ್ಣವನ್ನು ಮೇಲಿಂದ ಕೆಳಗೆ ಒರೆಸುತ್ತೇನೆ. ಅಕ್ಷರ ಹಿಂದೆ ಸರಿದು ವ್ಯಾಗನ್ನಿನ ಮೈಗೆ ಸೇರಿಕೊಳ್ಳುತ್ತದೆ. ಇಲ್ಲಿ ಕೈ ಬಿಗಿ ಹಿಡಿಯಬೇಕು. ತುಕ್ಕು ಅತಿಯಾದರೆ ಗುಜರಿಗೆ ಹೊರಟ ಗಾಡಿಯಾಗುತ್ತದೆ.

ಕೊನೆಯಲ್ಲಿ ಒಂದು ಚಿಕ್ಕ ಕೆಲಸ. ವರ್ಕ್‌ಶಾಪ್‌ನಲ್ಲಿ ಪಿಒಎಚ್, ಅಂದರೆ ನಿಗದಿತ ಅವಧಿಗೊಮ್ಮೆ ಮಾಡುವ ಪೂರ್ತಿ ದುರಸ್ತಿ, ಆದಾಗ ಅದರ ತಾರೀಖನ್ನು ಹೊಸದಾಗಿ ಬರೆಯುತ್ತಾರೆ. ಹಾಗಾಗಿ ಮಾಸಿದ ಪಕ್ಕದ ಮೇಲೆ ಒಂದು ಪುಟ್ಟ ಚೌಕಕ್ಕೆ ತಾಜಾ ಬಣ್ಣ ಹಚ್ಚಿ, ಅದರ ಮೇಲೆ ಅಚ್ಚ ಬಿಳಿಯ ತಾರೀಖು ಅಂಟಿಸುತ್ತೇನೆ. ಈ ಚೌಕವನ್ನು ಮಾತ್ರ ಧೂಳು ಮಾಡುವುದಿಲ್ಲ.

ಮುಂದೆ ಕೈಗೆತ್ತಿಕೊಂಡಿರುವುದು ಬಿಟಿಪಿಎನ್, ದೇವನಗೊಂದಿ ಕಡೆ ಪೆಟ್ರೋಲ್, ಡೀಸೆಲ್ ತರುವ ಟ್ಯಾಂಕ್ ವ್ಯಾಗನ್. ಅದರ ದುಂಡು ಮೈಗೆ ಉದ್ದ ಸಾಲು ನೇರವಾಗಿ ಕೂರಬೇಕು. ಈ ಸಲ ಮಾಸ್ಕಿಂಗ್ ಟೇಪಿನಲ್ಲಿ ಮೊದಲು ಗೆರೆ ಹಾಕಿಕೊಂಡು ಶುರು ಮಾಡುತ್ತಿದ್ದೇನೆ.